ನಲವತ್ತು ಕಳೀಲಿ

ಕಗ್ಗದಾಸಪುರ, ಬೆಂಗಳೂರು
8 ಫೆಬ್ರವರಿ 2006

ಲೋ ಪ್ರವೀಣ,

ನೀನು ಗದಗಿಗೆ ಹೋಗಿ ಎಂಟು ವರ್ಷ ಆಯ್ತು, ನಾನು ನಿಂಗೆ ಬರೀತಿರೋ ಮೊದಲ್ನೇ ಕಾಗದ ಇದು. ಇಂಥ ಸುದ್ದೀನೇ ಬರೀಬೇಕಾಯ್ತಲ್ಲ. ಇನಾಯತ್ ಹೋಗ್ಬಿಟ್ಟ ಕಣೋ. ಹೋದ ಶುಕ್ರವಾರ ಬೆಳಗ್ಗೆ ಟಿನ್ ಫ್ಯಾಕ್ಟರಿ ಹತ್ರ ಬೈಕಲ್ಲಿ ಹೋಗ್ತಿದ್ದೋನಿಗೆ ನೀರಿನ ಟ್ಯಾಂಕರ್ ಹೊಡೀತು. ಆಸ್ಪತ್ರೆವರೆಗೂ ಉಳೀಲಿಲ್ಲ.

ನಿಮ್ಮನೆಗೆ ಎರಡು ಸಲ ಫೋನ್ ಮಾಡ್ದೆ. ಎರಡು ಸಲಾನೂ ನಿನ್ ಹೆಂಡ್ತಿ ವಿಮಲಾಕ್ಷಿಯವರೇ ತಗೊಂಡು ನೀನು ಹುಬ್ಬಳ್ಳಿಗೆ ಹೋಗಿದೀಯ ಅಂದ್ರು. ಸರಿ ಬಿಡು. ಮಣ್ಣಿಗೆ ನಾನೊಬ್ನೇ ಹೋದೆ. ಮೂರು ಜನ ಇದ್ದ ನಮ್ಮ ರ‍್ಯಾಪ್ ಗುಂಪಲ್ಲಿ ಒಬ್ಬನ್ನ ಹೊತ್ಕೊಂಡು ಹೋಗಕ್ಕೆ ಇನ್ನೊಬ್ಬ ಮಾತ್ರ ಇದ್ದ ಅಂದ್ರೆ ಹೆಂಗಿರತ್ತೆ ಹೇಳು. ಶಿವಾಜಿನಗರದ ಆ ಗಲ್ಲೀಲಿ ಯಾರೋ ಒಬ್ರು ನನ್ನ ನೋಡಿ, ಇವ್ನು 'ಮೂರ್ ಬಾಯಿ' ಗುಂಪಿನ ಹುಡುಗ ಅಲ್ವಾ ಅಂದ್ರು. ನನ್ ತಲೇಲಿ ಅರ್ಧ ಬೆಳ್ಳಗಾಗಿದೆ, ಇನ್ನೂ ಹುಡುಗನಂತೆ.

ಈಗ ವಿಷಯಕ್ಕೆ ಬರ್ತೀನಿ. ಮಣ್ಣು ಮುಗಿಸ್ಕೊಂಡು ಬಂದಾಗ ಅವನಕ್ಕ ಉಮ್ಮೆ ಕುಲ್ಸುಂ ನನ್ನ ಕರೆದು ಒಂದು ಬ್ಯಾಗ್ ಕೊಟ್ಳು. ನಮ್ಮ ಹಳೇ ಕ್ಯಾಸೆಟ್ಟೆಲ್ಲ ಅದರಲ್ಲಿದೆ. ಜೊತೆಗೆ ಒಂದು ಹೊಸ ಸಿಡಿ. ಡಿಸೆಂಬರಲ್ಲಿ ಇವ್ನು ಹಲಸೂರಿಗೆ ಹೋಗಿ, ಅಹ್ಮದ್ ಪಾಷಾನ ಸೌಂಡ್ ಅಂಗಡಿ ಹಿಂದಗಡೆ ರೂಮಲ್ಲಿ ಒಬ್ನೇ ಒಂದು ಹೊಸ ಹಾಡು ರೆಕಾರ್ಡ್ ಮಾಡಿ ಬಂದಿದಾನೆ. ನಮ್ಮಿಬ್ರಿಗೂ ಹೇಳಿಲ್ಲ ಕಳ್ಳ. ಹಳೇ ಗುಂಪನ್ನ ಮತ್ತೆ ಕೂಡಿಸ್ಬೇಕು, ಒಂದು ಆಲ್ಬಮ್ ಮಾಡ್ಬೇಕು ಅಂತ ಪಾಷಾ ಹತ್ರ ಹೇಳ್ತಿದ್ನಂತೆ. ಹೇಳ್ತಾನೇ ಹೋದ.

ಹಾಡೋವಾಗಿನ ನಮ್ಮ ಕ್ರಮ ನಿಂಗೆ ಮರೆತಿಲ್ಲ ತಾನೆ. ಯಾರಾದ್ಮೇಲೆ ಯಾರು ಅಂತ ನಾವು ಯಾವತ್ತೂ ಮೊದಲೇ ಗೊತ್ತುಮಾಡ್ಕೊಂಡಿಲ್ಲ. ಹೇಳಿ ಮುಗಿಸಿದೋನು ಇನ್ನೊಬ್ಬನ ಹೆಸರು ಹಿಡಿದು ಕರೀಬೇಕು, ಕರೆಸಿಕೊಂಡೋನು ಮಾತ್ರ ಬರಬೇಕು, ಬೇರೆಯವ್ನು ಬಾಯಿ ಬಿಡಂಗಿಲ್ಲ. ಅವನು ದಖ್ಖನಿಯಲ್ಲಿ ಹದಿನಾರು ಸಾಲು ಹೇಳಿ, ಕೊನೇಲಿ 'ಪ್ರವೀಣ್, ಆಜಾ' ಅಂದಿದಾನೆ. ಅಲ್ಲಿಗೆ ನಿಂತಿದೆ. ನನ್ನ ಕರೆದಿದ್ರೆ ನಾನು ಇಷ್ಟೊತ್ತಿಗೆ ಹೋಗಿ ಮುಗಿಸ್ಬಿಡ್ತಿದ್ದೆ. ಕರೆದಿರೋದು ನಿನ್ನ.

ಆಲ್ಬಮ್ ನಾನು ಮಾಡೇ ಮಾಡ್ತೀನಿ. ಹಳೇ ಹಾಡಿನ ಕರಕರ ಸೌಂಡೆಲ್ಲ ಪಾಷಾ ತೊಳೆದು ಕೊಡ್ತಾನೆ. ಈ ಹೊಸ ಹಾಡು ಮಾತ್ರ ನೀನು ಬರದೆ ಮುಂದೆ ಹೋಗಲ್ಲ. ಇನ್ಮೇಲಾದ್ರೂ ಫೋನ್ ತಗೋ ಗುರು, ಯಾವ ಕಾಲದಲ್ಲಿದೀಯ ನೀನು.

ನಿನ್ನ,
ಸೀನ


ಗದಗ
13 ಫೆಬ್ರವರಿ 2006

ಸೀನಾ,

ನಿನ್ನ ಕಾಗದ ಮುಟ್ಟಿತು. ಮಣ್ಣಿಗೆ ಬರಾಕ ಆಗಲಿಲ್ಲ, ಅದಕ್ಕ ಸಬೂಬು ಹೇಳೂದಿಲ್ಲ. ಹುಬ್ಬಳ್ಳ್ಯಾಗ ಒಂದು ಕೆಲಸ ಇತ್ತು, ಬಿಟ್ಟು ಬರೂವಂಥಾದ್ದಲ್ಲ.

ಎರಡು ದಿನದಿಂದ ಬರೇ ಇನಾಯತ್‌ನ ಮಾರಿ ಕಣ್ಣಮುಂದ ಬರಾಕತ್ತೈತಿ. ಜೀವನ್ ಬಿಮಾ ನಗರದಾಗ ನಮ್ಮ ಮಾಳಗಿ ಮ್ಯಾಲ ಕುಂತು ಅಂವ ನನಗ ರ‍್ಯಾಪ್ ಕಲಿಸಿದ್ದು ನಿನಗ ನೆನಪೈತೇನು? ನಿಂದು ಗದಗ ಕಡೆ ಕನ್ನಡ ಐತಿ, ಹಂಗ ಹೇಳು, ಬೆಂಗಳೂರಿನವರಂಗ ಹೇಳಬ್ಯಾಡ, ಅದರಾಗ ಹೊಡೆತ ಇಲ್ಲ ಅಂತಿದ್ದ. ನಮ್ಮವ್ವ ಕೊಟ್ಟ ರೊಟ್ಟಿ ಮಡಚಿ ಕಿಸೆದಾಗ ಇಟ್ಟ್ಕೊಂಡು ಹೋಗ್ತಿದ್ದ. ನನ್ನ ಕಾಲೇಜಿನಾಗ ಎಲ್ಲಾರೂ ನನ್ನ ಮಾತಿಗೆ ನಗ್ತಿದ್ರು. ಅಂವ ಒಬ್ಬನ ಅದಕ್ಕ ಬೆಲಿ ಕಟ್ಟಿದವ.

ಅಂವ ನನ್ನ ಕರದಾನ ಅಂದ ಮ್ಯಾಲ ನಾ ಬರ್ತೀನಿ. ಬರೂದಿಲ್ಲ ಅನ್ನೂ ಮಾತ ಇಲ್ಲ. ನನ್ನ ಹದಿನಾರು ಸಾಲು ಬರಿಯಾಕ ಸುರು ಮಾಡೇನಿ. ಆದ್ರ ಒಂದು ಮಾತು, ಈ ತಿಂಗಳ ಒಳಗ ಮಾಡೂಣು. ನೀ ನಾಳೆ ಬಾ ಅಂದ್ರ ನಾಳೆ ಹೊಂಟು ಬರ್ತೀನಿ. ತಡಾ ಮಾಡಬ್ಯಾಡ.

ಫೋನ್ ತಗೋಳೂದಿಲ್ಲ ಅಂತ ಬೈದಿ. ನನ್ನ ಕೆಲಸ ನಿನಗ ಗೊತ್ತೈತಲ್ಲ, ಬಸ್ ಸ್ಟ್ಯಾಂಡಿನಾಗ ಅನೌನ್ಸರ್. ದಿನಾ ಹುಬ್ಬಳ್ಳಿ, ರೋಣ, ಮುಂಡರಗಿ ಅಂತ ಒದರಿ ಒದರಿ ಮನೀಗೆ ಬಂದ್ರ ಬಾಯಿ ತೆರಿಯಾಕ ಮನಸ್ಸಾಗೂದಿಲ್ಲ. ಸ್ವಲ್ಪ ಥಂಡೀನೂ ಹಿಡದೈತಿ. ಕಾಗದಾನ ಬರಿ.

ನಿನ್ನ
ಪ್ರವೀಣ


ಕಗ್ಗದಾಸಪುರ
18 ಫೆಬ್ರವರಿ 2006

ಮಗಾ,

ನಿಂಗೆ ತಲೆ ನೆಟ್ಟಗಿದೆಯಾ? ಅವನ ಮೇಲೆ ಹಾಕಿರೋ ಮಣ್ಣು ಒಣಗಿಲ್ಲ, ನೀನು ಈ ತಿಂಗಳೇ ಹಾಡೋಣ ಅಂತೀಯ. ಅವರಲ್ಲಿ ನಲವತ್ತು ದಿನ ಇದೆ ಕಣೋ. ನಮ್ಮಲ್ಲಿ ಹನ್ನೊಂದು ದಿನ ಸೂತಕ ಅಂದ್ರೆ ಒಗ್ಗರಣೆ ಸೌಂಡು ಕೂಡ ಆಚೆ ಕೇಳಬಾರ್ದು ಅಂತಾರೆ ನಮ್ಮಮ್ಮ ರಾಮಲಕ್ಷ್ಮಮ್ಮ. ಅವರದ್ದು ನಲವತ್ತು. ಅಷ್ಟರೊಳಗೆ ಅವನ ಹೆಸರಲ್ಲಿ ನಾವು ಡ್ರಮ್ಮು ಬಡಿದ್ರೆ ಆ ಮನೆಯವರ ಹೊಟ್ಟೆ ಎಷ್ಟು ಉರಿಯಲ್ಲ? ನಾನು ನಮ್ಮನೆ ಟಿವಿ ಕೂಡ ಆಫ್ ಮಾಡಿಸಿದೀನಿ. ಅಮ್ಮ ಸೀರಿಯಲ್ ಇಲ್ಲ ಅಂತ ಮುಖ ಊದಿಸ್ಕೊಂಡಿದಾರೆ.

ಮಾರ್ಚ್ ಹದಿನಾಲ್ಕಕ್ಕೆ ನಲವತ್ತು ಕಳಿಯತ್ತೆ. ಕಳೀಲಿ. ಆಮೇಲೆ ನೀನು ಬಾ, ಪಾಷಾನ ರೂಮಲ್ಲಿ ಕೂತ್ಕೊಂಡು ನೆಮ್ಮದಿಯಾಗಿ ಮಾಡೋಣ. ಆ ರೂಮ್ ನೋಡಿ ನೀನು ನಗ್ತೀಯ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದಾನೆ ಸೌಂಡು ಹೊರಗೆ ಹೋಗಬಾರ್ದು ಅಂತ. ಒಳಗೆ ಕೂತ್ರೆ ಕೋಳಿ ಮನೇಲಿ ಕೂತಂಗೆ.

ಹಳೇ ಕ್ಯಾಸೆಟ್ಟೆಲ್ಲ ಕೇಳ್ದೆ. ಒಂದು ವಿಷಯ ಗೊತ್ತಾಯ್ತು, ಹೇಳ್ಲಾ ಬೇಡ್ವಾ ಅಂತ ಯೋಚ್ನೆ ಮಾಡಿ ಹೇಳ್ತಿದೀನಿ. ಉಳಿದಿರೋ ಯಾವ ಟೇಪಲ್ಲೂ ಇನಾಯತ್ ನನ್ನ ಕರೆದಿಲ್ಲ. ಎಲ್ಲಾ ಕಡೆ ಪ್ರವೀಣ್, ಪ್ರವೀಣ್, ಪ್ರವೀಣ್. ನನ್ನ ಕರೀತಿದ್ದೋನು ನೀನು. ಕೋಲ್ಸ್ ಪಾರ್ಕಲ್ಲಿ ಅವನ್ನ ಮೊದಲು ಪರಿಚಯ ಮಾಡ್ಕೊಂಡಿದ್ದು ನಾನು, ಬೀಟ್ ತಂದುಕೊಟ್ಟಿದ್ದು ನಾನು. ಇರಲಿ, ಸತ್ತವನ ಮೇಲೆ ಮುನಿಸ್ಕೊಂಡು ಏನ್ ಮಾಡ್ಲಿ.

ನನ್ ಕಥೆ ಕೇಳ್ತೀಯಾ? ನಮ್ಮಪ್ಪ ಬೈಲಪ್ಪ ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ನಾಲ್ಕು ಫ್ಲೋರ್ ಬಿಲ್ಡಿಂಗ್ ಇದೆ. ಬೆಳಗ್ಗೆ ಮೋಟಾರ್ ಆನ್ ಮಾಡ್ತೀನಿ, ಟ್ಯಾಂಕ್ ತುಂಬಿದ್ಮೇಲೆ ಆಫ್ ಮಾಡ್ತೀನಿ. ಬಾಡಿಗೆಯವರು ಓನರ್ರೇ ಅಂತಾರೆ. ನಾನು ಜೀವನದಲ್ಲಿ ಏನಾದ್ರೂ ಒಂದು ಆಗಿದ್ದೆ ಅಂದ್ರೆ ಅದು ನಿಮ್ಮಿಬ್ಬರ ಜೊತೆ ಇದ್ದ ಆ ನಾಲ್ಕು ವರ್ಷ ಮಾತ್ರ. ಅದಕ್ಕೇ ಹೇಳ್ತಿದೀನಿ, ಇದನ್ನ ಸರಿಯಾಗಿ ಮಾಡೋಣ.

ಸೀನ


ಗದಗ
23 ಫೆಬ್ರವರಿ 2006

ಸೀನಾ,

ನೀ ಹೇಳೂದು ಬರೋಬ್ಬರಿ ಐತಿ. ಅವರ ಮನಿ ರಿವಾಜು ಮೊದಲು, ನಮ್ಮ ಹಾಡು ಆಮ್ಯಾಲ. ಅದನ್ನ ನಾ ಅಲ್ಲಗಳಿಯಾಕ ಹೊಂಟಿಲ್ಲ.

ಆದ್ರೂ ಒಮ್ಮೆ ಕುಲ್ಸುಂ ಅಕ್ಕಾನ್ನ ಕೇಳಿ ನೋಡ್ತೀ ಏನು? ಜೋರ ಏನೂ ಬ್ಯಾಡ, ಬರೇ ನನ್ನ ದನಿ ಅಷ್ಟ ತಗೊಂಡು ಇಟ್ಟ್ಕೋ. ಪಾಷಾ ಮಷೀನ್ ಚಾಲೂ ಮಾಡ್ತಾನ, ನಾ ಹೇಳ್ತೀನಿ, ಸಂಜೀಕ ಗಾಡಿ ಹತ್ತತೀನಿ. ಉಳದದ್ದು ನಲವತ್ತು ಕಳದ ಮ್ಯಾಲ ನೀವು ಕುಂತು ಮಾಡ್ರಿ. ಮಾರ್ಚ್ ಮೊದಲನೇ ವಾರದಾಗ ಆದ್ರೂ ನಡೀತೈತಿ. ಅದರ ಮುಂದ ನನಗ ಬರಾಕ ಆಗೂದಿಲ್ಲ. ರಜೆದ್ದು ತೊಂದರಿ ಐತಿ.

ಇನಾಯತ್ ನಿನ್ನ ಯಾಕ ಕರೀತಿದ್ದಿಲ್ಲ ಅಂತ ನನಗ ಗೊತ್ತೈತಿ. ಅಂವ ಕರಿಯೂ ಮೊದಲ ನೀ ಬಾಯಿ ತೆರದು ತಯಾರ ನಿಂತಿರ್ತಿದ್ದಿ. ನಾ ಅಂಜಿಕೊಂಡು ಹಿಂದ ನಿಂತಿರ್ತಿದ್ದೆ. ಹಿಂದ ನಿಂತವನ್ನ ಕರೀಬೇಕು ಅಂತಿದ್ದ ಅಂವ. ಇದರಾಗ ಮನಸ್ಸಿಗೆ ಹಚ್ಚಿಕೊಳ್ಳೂವಂಥಾದ್ದು ಏನೂ ಇಲ್ಲ.

ಕೇಳೂದು ಬಿಡೂದು ನಿನಗ ಬಿಟ್ಟಿದ್ದು. ನಾ ಹೆಚ್ಚಿಗಿ ಹೇಳೂದಿಲ್ಲ.

ಪ್ರವೀಣ


ಕಗ್ಗದಾಸಪುರ
27 ಫೆಬ್ರವರಿ 2006

ಪ್ರವೀಣ,

ಯಾವ ಮುಖ ಹೊತ್ಕೊಂಡು ಹೋಗಿ ಕೇಳ್ಲಿ? ಅಕ್ಕಾ, ನಿನ್ ತಮ್ಮ ಸತ್ತು ಇಪ್ಪತ್ತೈದು ದಿನ ಆಯ್ತು, ನಮ್ ಪ್ರವೀಣಂಗೆ ರಜಾ ಸಿಗಲ್ವಂತೆ, ಅದಕ್ಕೆ ನಿಮ್ಮ ನಿಯಮ ಸ್ವಲ್ಪ ಸಡಿಲ ಮಾಡ್ಕೊತೀರಾ ಅಂತ ಕೇಳ್ಬೇಕಾ? ನನ್ ಕೈಲಾಗಲ್ಲ. ವಾರಕ್ಕೊಂದ್ಸಲ ಹೋಗಿ ಅವರ ಬಾಗಿಲಲ್ಲಿ ಕೂತು ಬರ್ತೀನಿ. ಹಾಡಿನ ಮಾತು ಒಂದಕ್ಷರ ಎತ್ತಲ್ಲ.

ಮಣ್ಣಿಗೆ ಬರಲಿಲ್ಲ, ಸುಮ್ನಿದ್ದೆ. ಫೋನಿಗೆ ಬರಲ್ಲ, ಸುಮ್ನಿದ್ದೆ. ಈಗ ಸಂಜೆ ಗಾಡಿ ಹತ್ತೀನಿ ಅಂತೀಯ. ಕಾಲು ಸುಡತ್ತಾ ಬೆಂಗಳೂರಲ್ಲಿ ನಿಂಗೆ? ಬಸ್ ಸ್ಟ್ಯಾಂಡಲ್ಲಿ ಊರ ಹೆಸರು ಕೂಗೋ ಕೆಲಸ ಇನಾಯತ್‌ಗಿಂತ ದೊಡ್ಡದಾ?

ಮಾರ್ಚ್ ಹದಿನೆಂಟು, ಶನಿವಾರ. ಬೆಳಗ್ಗೆ ಹನ್ನೊಂದಕ್ಕೆ ಹಲಸೂರು, ಪಾಷಾ ಅಂಗಡಿ. ಬರೋ ಹಾಗಿದ್ರೆ ಬಾ.

ಸೀನ


ಕಗ್ಗದಾಸಪುರ
19 ಮಾರ್ಚ್ 2006

ಪ್ರವೀಣ್ ಅವರೇ,

ನಿನ್ನೆ ದಿನ ಪೂರ್ತಿ ಕಾದ್ವಿ. ಪಾಷಾ ಬೇರೆ ಆರ್ಡರ್ ಬಿಟ್ಟು ನಿಮಗೋಸ್ಕರ ಕೂತಿದ್ದ. ಊಟಕ್ಕೆ ಬಿರಿಯಾನಿ ತರಿಸಿ ಮೂರು ತಟ್ಟೆ ಇಟ್ಟಿದ್ವಿ. ಇನಾಯತ್‌ನ ಹಾಡು ಹಾಕ್ತಾನೇ ಇದ್ವಿ. ಪ್ರತಿ ಸಲಾನೂ ಕೊನೇಲಿ ನಿಮ್ಮನ್ನ ಕರೀತಾನೆ. ಪ್ರತಿ ಸಲಾನೂ ಪಾಷಾ ಬಾಗಿಲು ನೋಡ್ತಾನೆ.

ಸಾಯಂಕಾಲ ಫೋನ್ ಮಾಡಿದ್ರೆ ನಿಮ್ಮ ಮನೆಯವರು, ಅವರಿಗೆ ಮಾತಾಡಕ್ಕೆ ಆಗಲ್ಲ ಅಂದ್ರು. ಆಗಲ್ಲ ಅಂದ್ರೆ ಏನು? ಇಷ್ಟ ಇಲ್ಲ ಅಂತ ತಾನೆ? ಹೆಂಡ್ತಿನ ಮುಂದೆ ಬಿಟ್ಟು ಹಿಂದೆ ಅವಿತ್ಕೊಳ್ಳೋ ಬದಲು ಬರಲ್ಲ ಅಂತ ಒಂದು ಮಾತು ನೀವೇ ಹೇಳಬೋದಿತ್ತು. ನಂಗೆ ಅಳು ಬಂತು. ಹೇಳ್ಕೊಳ್ಳಕ್ಕೆ ನಾಚಿಕೆ ಏನಿಲ್ಲ.

ಇನಾಯತ್ ತಪ್ಪು ಮನುಷ್ಯನ್ನ ಕರೆದ. ಅಷ್ಟೇ.

ಶ್ರೀನಿವಾಸ್


ಗದಗ
3 ಏಪ್ರಿಲ್ 2006

ಸೀನಾ,

ನೀ ಬೈದದ್ದೆಲ್ಲಾ ಓದಿದೆ. ಇವತ್ತು ಎಲ್ಲಾ ಬರದು ಮುಗಸ್ತೀನಿ. ನಡುವ ನಿಂತ್ರ ಮತ್ತ ಪೆನ್ ಹಿಡಿಯಾಕ ಆಗೂದಿಲ್ಲ.

ನನಗ ಗಂಟಲ ಕ್ಯಾನ್ಸರ್. ಗುಟ್ಕಾದ ಉಪಕಾರ. ಜನವರಿಯೊಳಗ ಗೊತ್ತಾತು. ನಿನ್ನ ಮೊದಲನೇ ಕಾಗದ ಬರೂಕಿಂತ ಮೊದಲ ಹುಬ್ಬಳ್ಳಿ ಡಾಕ್ಟರ್ ಆಪರೇಷನ್ ತಾರೀಖು ಕೊಟ್ಟಿದ್ರು, ಮಾರ್ಚ್ ಒಂಬತ್ತು. ದನಿಪೆಟ್ಟಿಗಿ ಪೂರ್ತಿ ತಗೀಬೇಕು ಅಂದಿದ್ರು. ತಗದ್ರು. ಈಗ ಕುತ್ತಿಗ್ಯಾಗ ಒಂದು ತೂತು ಐತಿ, ಅದರಾಗಿಂದ ಉಸರಾಡ್ತೀನಿ. ದನಿ ಇಲ್ಲ. ಪಿಸುಮಾತೂ ಇಲ್ಲ. ಮಾತಾಡಾಕ ಆಗೂದಿಲ್ಲ ಅಂತ ವಿಮಲಾ ಹೇಳಿದ್ದು ಖರೇ ಮಾತು. ನೀ ಫೋನ್ ಇಟ್ಟ ಮ್ಯಾಲ ಅಕಿ ಭಾಳ ಹೊತ್ತು ಅತ್ಲು.

ಮೊದಲ ಯಾಕ ಹೇಳಲಿಲ್ಲ ಅಂತೀ. ಹೇಳಿದ್ರ ನೀ ಹಾಡು ಬಿಟ್ಟು, ಹಣ್ಣು ಹಿಡಕೊಂಡು ರೋಗಿನ್ನ ನೋಡಾಕ ಬರ್ತಿದ್ದಿ. ಇನಾಯತ್ ಕರದದ್ದು ರೋಗಿನ್ನ ಅಲ್ಲ. ದನಿ ಇರೂತನಕ ದನಿ ಇದ್ದವನಾಗಿ ನಿಮ್ಮ ಮುಂದ ಬಂದು ನಿಲ್ಲಬೇಕು ಅನ್ನೂ ಆಸೆ ಇತ್ತು. ಡಾಕ್ಟರ್‌ಗೆ ಹತ್ತು ದಿನ ಮುಂದಕ್ಕ ಹಾಕ್ರಿ ಅಂತ ಕೈ ಮುಗದೆ. ಈಗಾಗಲೇ ತಡಾ ಮಾಡ್ಕೊಂಡು ಬಂದೀರಿ ಅಂತ ಬೈದ್ರು. ನಲವತ್ತು ದಿನದ ಮಾತಿಗೆ ನಾ ಏನು ಎದುರಾಡ್ಲಿ? ಸತ್ತವನ ಮನಿ ದುಃಖಕ್ಕಿಂತ ನನ್ನ ಗಂಟಲ ದೊಡ್ಡದು ಅಂತ ಹೇಳಾಕ ಬಾಯಿ ಬರಲಿಲ್ಲ.

ಒಂದು ವಿಷಯ ನಿನಗ ಗೊತ್ತಿರಲಿ. ಮಾರ್ಚ್ ಏಳಕ್ಕ ಸ್ಟ್ಯಾಂಡಿಗೆ ಹೋದೆ. ಜನವರಿಯಿಂದ ನನ್ನ ಜಾಗಾದಾಗ ಬಸಣ್ಣ ಕುಂದರ್ತಾನ, ದಿನಾ ಒದರ್ತೀನಿ ಅಂತ ನಿನಗ ಬರದದ್ದು ಬರೇ ನೆಪ. ಬಸಣ್ಣ, ಒಂದು ಐದು ನಿಮಿಷ ಮೈಕ್ ಕೊಡು ಅಂದೆ. ಯಾಕ ಅಂತ ಕೇಳಲಿಲ್ಲ, ಎದ್ದು ಕುರ್ಚಿ ಕೊಟ್ಟ. ಮಧ್ಯಾಹ್ನ, ಪ್ಲಾಟ್‌ಫಾರ್ಮಿನಾಗ ಮಂದಿ ಕಡಿಮಿ ಇದ್ರು. ಹದಿನಾರೂ ಸಾಲು ಹೇಳಿದೆ. ದನಿ ಒಡದಿತ್ತು, ಆದ್ರ ಇತ್ತು. ಹೊಡೆತ ಎಲ್ಲೂ ತಪ್ಪಲಿಲ್ಲ.

ಹತ್ತೋರು ಹತ್ರಿ, ಇಳಿಯೋರು ಇಳೀರಿ,
ಇನಾಯತ್ ಹೋದ ಬಸ್ಸಿಗೆ ನಂಬರ ಇಲ್ರಿ.

ಹಿಂಗ ಸುರು ಆಗ್ತೈತಿ. ಮುಗಿದ ಮ್ಯಾಲ ಒಬ್ಬ ಮುದುಕ ಕಿಡಕಿಗೆ ಬಂದು, ಈಗ ಹೇಳಿದ್ದು ಯಾ ಊರಿನ ಬಸ್ಸು ಅಂತ ಕೇಳಿದ. ಬಸಣ್ಣ ಅಳಾಕತ್ತಿದ್ದ, ನಾನ ಉತ್ತರ ಕೊಟ್ಟೆ. ಅದನ್ನ ಯಾರೂ ಟೇಪ್ ಮಾಡಲಿಲ್ಲ. ಯಾರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ನಿನ್ನ ಸಿಟ್ಟು ನನಗ ತಿಳೀತೈತಿ. ಅವರೇ ಗಿವರೇ ಅಂತ ಮಾತ್ರ ಬರೀಬ್ಯಾಡೋ.

ಪ್ರವೀಣ


ಕಗ್ಗದಾಸಪುರ
4 ಏಪ್ರಿಲ್ 2006

ಮಗಾ ಪ್ರವೀಣ,

ನೀನು ಉತ್ತರ ಬರೀದಿದ್ರೂ ಕೋಪ ಇಳೀತು ಕಣೋ. ಹದಿನೈದು ದಿನಕ್ಕಿಂತ ಜಾಸ್ತಿ ನಿನ್ ಮೇಲೆ ಕೋಪ ಮಾಡ್ಕೊಂಡು ಇರಕ್ಕೆ ನಂಗೆ ಬರಲ್ಲ. ಹೋದ ಕಾಗದ ಹರಿದು ಬಿಸಾಕು. 'ಅವರೇ' ಅಂತ ಬರೆದು ನಂಗೇ ಒಂಥರಾ ಆಗೋಗಿತ್ತು.

ಇವತ್ತು ಕ್ಯಾಸೆಟ್ ಬ್ಯಾಗ್ ವಾಪಸ್ ಕೊಡಕ್ಕೆ ಶಿವಾಜಿನಗರಕ್ಕೆ ಹೋಗಿದ್ದೆ. ಕುಲ್ಸುಂ ಅಕ್ಕ ಚಾ ಕೊಟ್ಟು, ಏನ್ ರೇ ಸೀನು, ಹಾಡು ಆಯ್ತಾ ಅಂದ್ಳು. ಇಲ್ಲ ಅಕ್ಕ, ನಿಮ್ಮ ನಲವತ್ತು ಕಳೀಲಿ ಅಂತ ಕಾದ್ವಿ, ಆಮೇಲೆ ಪ್ರವೀಣ ಬರಲಿಲ್ಲ ಅಂದೆ. ಅವಳು ನನ್ನನ್ನೇ ನೋಡಿದ್ಳು. "ನಲವತ್ತು ದಿನ ಹಾಡಬಾರ್ದು ಅಂತ ಯಾರು ಹೇಳಿದ್ದು ನಿಂಗೆ? ನಮ್ಮಲ್ಲಿ ಸೋಗ್, ನಿಮ್ಮ ಸೂತಕದ ಥರ, ಮೂರೇ ದಿನ. ನಲವತ್ತಕ್ಕೆ ಫಾತಿಹಾ ಓದಿಸಿ ಊಟ ಹಾಕ್ತೀವಿ, ಅಷ್ಟೇ. ನಾಲ್ಕನೇ ದಿನ ನಮ್ಮನೆಯವರು ಅಂಗಡಿ ಬಾಗಿಲು ತೆಗೆದ್ರು. ನಾನೇ ದಿನಾ ಕಾಯ್ತಿದ್ದೆ, ನೀನು ಇನಾಯತ್ ಹಾಡಿನ ಮಾತು ಎತ್ತುತೀಯಾ ಅಂತ. ನೀನು ಬಂದು ಗುಮ್ಮನ ಥರ ಕೂತು ಎದ್ದು ಹೋಗ್ತಿದ್ದೆ. ನಿಮ್ಮಲ್ಲಿ ಏನೋ ನಿಯಮ ಇರಬೇಕು ಅಂತ ನಾನು ಸುಮ್ನಾದೆ."

ನೋಡು ಗುರು ಹೆಂಗಿದೆ. ಅವಳು ನಮ್ಮ ನಿಯಮಕ್ಕೆ ಕಾದ್ಳು, ನಾನು ಅವರ ನಿಯಮಕ್ಕೆ ಕಾದೆ, ಇಬ್ಬರಲ್ಲೂ ಅಂಥ ನಿಯಮಾನೇ ಇಲ್ಲ. ನಮ್ಮಮ್ಮನ ಸೀರಿಯಲ್ ಸುಮ್ಸುಮ್ನೆ ಹಾಳಾಯ್ತು. ನೀನು ಕೇಳು ಕೇಳು ಅಂತ ಬಡ್ಕೊಂಡೆ, ನಾನೇ ದೊಡ್ಡದಾಗಿ ತಿಳ್ಕೊಂಡೋನ ಥರ ಆಡ್ದೆ. ಕೇಳಿದ್ರೆ ಫೆಬ್ರವರಿಲೇ ಮುಗಿದು ಹೋಗಿರೋದು. ಹೋಗ್ಲಿ ಬಿಡು, ಒಂದೆರಡು ತಿಂಗಳು ತಡ ಆದ್ರೆ ಏನ್ ಮಹಾ ಲುಕ್ಸಾನು. ನಿಂಗೆ ಯಾವಾಗ ರಜಾ ಸಿಗತ್ತೋ ಆವಾಗ ಬಾ.

ನಿನ್ನ,
ಸೀನ


ಕಗ್ಗದಾಸಪುರ
8 ಏಪ್ರಿಲ್ 2006

ಪ್ರವೀಣ,

ನಿನ್ನ ಕಾಗದ ನಿನ್ನೆ ಬಂತು. ನಾನು ನಾಲ್ಕನೇ ತಾರೀಕು ಹಾಕಿದ್ದು ಇಷ್ಟೊತ್ತಿಗೆ ನಿನ್ನ ಕೈಲಿರತ್ತೆ. ಅದನ್ನ ಓದಬೇಡ ಅಂತ ಹೇಳಕ್ಕೆ ಓಡಿ ಓಡಿ ಫೋನ್ ಹತ್ರ ಹೋದೆ, ನಂಬರ್ ತಿರುಗಿಸಕ್ಕೆ ಕೈ ಬರಲಿಲ್ಲ.

ನಾನು ಹೋಗಿ ಕೇಳಬೇಕಾಗಿದ್ದಿದ್ದು ಒಂದೇ ಒಂದು ಮಾತು. ಅವರ ಬಾಗಿಲಲ್ಲೇ ಕೂತಿದ್ದೆ. ಎದುರಿಗೇ ಇದ್ಳು. ಎರಡು ತಿಂಗಳು ತಡ ಆದ್ರೆ ಏನ್ ಲುಕ್ಸಾನು ಅಂತ ಬೇರೆ ಬರೆದಿದೀನಿ ನಿಂಗೆ.

ಆಲ್ಬಮ್ ಬೇಡ. ಪಾಷಾಗೆ ನಿಲ್ಸು ಅಂದೆ. ನನ್ ಕೈಲಿ ಆಗಲ್ಲ ಕಣೋ.

ಸೀನ


ಗದಗ
24 ಏಪ್ರಿಲ್ 2006

ಸೀನಾ,

ನೀ ತಲಿ ಕೆಡಿಸಿಕೋಬ್ಯಾಡ. ನೀ ಫೆಬ್ರವರಿಯೊಳಗ ಕರದಿದ್ರೂ ನನ್ನಿಂದ ಆಗ್ತಿದ್ದಿಲ್ಲ. ದನಿ ಆಗಲೇ ಹೋಗಿತ್ತು. ಸ್ಟ್ಯಾಂಡಿನಾಗ ಹೇಳಿದ್ದು ಅಂತ ಬರದೆ ನೋಡು, ಅದನ್ನ ಸ್ವಲ್ಪ ಹೆಚ್ಚಿಗಿ ಮಾಡಿ ಬರದೆ. ಹೇಳಾಕ ಹೋಗಿ ಎರಡು ಸಾಲಿಗೆ ನಿಂತುಬಿಟ್ಟೆ. ನೀ ಕಾದದ್ದಕ್ಕ ಏನೂ ಕಳಕೊಂಡಿಲ್ಲ.

ಆಲ್ಬಮ್ ನಿಲ್ಲಸಬ್ಯಾಡ. ಇನಾಯತ್‌ನ ದನಿ ಮೊಟ್ಟಿ ಟ್ರೇ ಹಚ್ಚಿದ ಖೋಲ್ಯಾಗ ಕೊಳೀಬಾರದು. ನನ್ನ ಸಾಲು ಬೇಕಾದ್ರ ನೀನ ಹೇಳು. ಬರದು ಕಳಿಸೇನಿ, ಇದರ ಜೋಡಿ ಐತಿ.

ಪ್ರವೀಣ


ಕಗ್ಗದಾಸಪುರ
2 ಸೆಪ್ಟೆಂಬರ್ 2006

ಪ್ರವೀಣ,

ಇದರ ಜೊತೆ ಸಿಡಿ ಕಳಿಸ್ತಿದೀನಿ. 'ಮೂರ್ ಬಾಯಿ' ಅಂತಾನೇ ಹೆಸರಿಟ್ಟಿದೀವಿ. ಪಾಷಾ ಮತ್ತೆ ನಾನು ಶಿವಾಜಿನಗರದ ಎರಡು ಅಂಗಡೀಲಿ, ಇಂದಿರಾನಗರದ ಒಂದು ಅಂಗಡೀಲಿ ಇಟ್ಟು ಬಂದ್ವಿ. ಯಾರೂ ಕೇಳ್ತಿಲ್ಲ. ಇಂದಿರಾನಗರದವನು ಭಕ್ತಿಗೀತೆ ಪಕ್ಕ ಇಟ್ಟಿದಾನೆ, ಬೇರೆ ಎಲ್ಲಿ ಇಡಬೇಕು ಅಂತ ಅವನಿಗೆ ಗೊತ್ತಾಗಲಿಲ್ವಂತೆ. ಕುಲ್ಸುಂ ಅಕ್ಕ ಮಾತ್ರ ದಿನಾ ಹಾಕ್ತಾಳೆ.

ಹೊಸ ಹಾಡಿಗೆ ನಿನ್ನ ಸಾಲು ನಾನು ಹೇಳಕ್ಕೆ ಹೋದೆ. ಪಾಷಾನ ರೂಮಲ್ಲಿ ಮೈಕ್ ಮುಂದೆ ನಿಂತೆ. ಕಿವಿಗೆ ಇನಾಯತ್ ಬಂದ, ಪ್ರವೀಣ್ ಆಜಾ ಅಂದ, ನನ್ ಬಾಯಿ ತೆರೀಲಿಲ್ಲ. ಕರೆಸಿಕೊಳ್ಳದೆ ನಾನು ಹೆಂಗೆ ಬರಲಿ? ಹಳೇ ಟೇಪಿಂದ ನಿನ್ನ ದನಿ ತೆಗೆದು ಅಂಟಿಸ್ತೀನಿ ಅಂದ ಪಾಷಾ, ಅದೂ ಬೇಡ ಅಂದೆ. ಹಂಗಾಗಿ ಅವನು ಕರೆದ್ಮೇಲೆ ಹದಿನಾರು ಸಾಲಿಗೆ ಆಗೋವಷ್ಟು ಹೊತ್ತು ಬರೀ ಬೀಟ್ ಬಿಟ್ಟಿದೀವಿ. ನಿನ್ನ ಜಾಗ ನಿಂಗೇ ಇರಲಿ ಅಂತ. ಅದು ನಿಂಗೆ ಮರ್ಯಾದೆ ಅಂತ ನಂಗನ್ನಿಸ್ತು.

ಇನ್ನೊಂದು. ಮೇ ತಿಂಗಳಲ್ಲಿ ನಾನು ಗದಗಿಗೆ ಬಂದಿದ್ದೆ. ಸ್ಟ್ಯಾಂಡಲ್ಲಿ ಇಳಿದು ಬೆಂಚ್ ಮೇಲೆ ಕೂತೆ. ಮೈಕಲ್ಲಿ ಬಸಣ್ಣ ಇರಬೇಕು, ಊರ ಹೆಸರು ಕೂಗ್ತಿದ್ದ. ಮುಂದಿನ ಬೆಂಗಳೂರು ಬಸ್ ಹತ್ತಿ ವಾಪಸ್ ಬಂದೆ. ನಿನ್ನ ಎದುರಿಗೆ ಕೂತು ನಾನೊಬ್ನೇ ಮಾತಾಡೋದು ಹೆಂಗೆ ಅಂತ ಗೊತ್ತಾಗಲಿಲ್ಲ.

ದನಿ ಮೊದಲೇ ಹೋಗಿತ್ತು ಅಂತ ನೀನು ಬರೆದಿದ್ಯಲ್ಲ, ಅದನ್ನ ನಂಬಿದೀನಿ. ನಂಬದೆ ಇದ್ರೆ ನಂಗೆ ಬೆಳಗ್ಗೆ ಎದ್ದು ಮೋಟಾರ್ ಹಾಕಕ್ಕೂ ಆಗಲ್ಲ.

ಸೀನ


ಗದಗ
19 ಸೆಪ್ಟೆಂಬರ್ 2006

ಸೀನಾ,

ಸಿಡಿ ಮುಟ್ಟಿತು.

ನೀ ನಂಬೇನಿ ಅಂತ ಬರದದ್ದು ಓದಿ ನಾಲ್ಕು ದಿನ ಸುಮ್ಮನಿದ್ದೆ. ಹಂಗ ಇರಬೇಕು ಅಂತ ಮಾಡಿದ್ದೆ, ಆಗವಲ್ದು. ಏಪ್ರಿಲ್ ಕಡೀಕ ನಾ ಬರದದ್ದು ಸುಳ್ಳು. ಮೊದಲ ಬರದದ್ದ ಖರೇ. ಮಾರ್ಚ್ ಏಳರತನಕ ನನಗ ದನಿ ಇತ್ತು, ಹದಿನಾರೂ ಸಾಲು ಹೇಳಿದೆ. ನೀ ಒಂದು ಕಾರ್ಡ್ ಹಾಕಿದ್ರ ಬಂದು ಹೇಳಿ ಹೋಗ್ತಿದ್ದೆ.

ನಿನ್ನ ಮ್ಯಾಲ ನನಗ ಸಿಟ್ಟು ಐತಿ. ಇಲ್ಲ ಅಂತ ಎಷ್ಟು ಸಲ ನನಗ ನಾ ಹೇಳ್ಕೊಂಡೆ, ಹೋಗವಲ್ದು. ನನ್ನ ಮ್ಯಾಲ ಅದಕ್ಕಿಂತ ಹೆಚ್ಚು ಐತಿ. ನೀ ಅಕೀನ್ನ ಕೇಳಲಿಲ್ಲ, ನಾ ನಿನಗ ಹೇಳಲಿಲ್ಲ. ಬಾಯಿ ಇದ್ದಾಗ ಇಬ್ರೂ ಸುಮ್ಮನ ಕುಂತ್ವಿ. ಇದನ್ನ ಬರದು ನಿನಗ ತ್ರಾಸ ಕೊಡಬಾರದು ಅಂತ ವಿಮಲಾ ಹೇಳಿದ್ಲು. ಆದ್ರ ನನ್ನ ಹಂತ್ಯಾಕ ಈಗ ಬರವಣಿಗಿ ಒಂದ ಉಳದೈತಿ. ಅದರಾಗೂ ಸುಳ್ಳು ಹೇಳ್ಕೊಂತ ಹೋದ್ರ ನಾ ಪೂರ್ತಿ ಇಲ್ಲದಂಗ ಆಗ್ತೀನಿ.

ಡಾಕ್ಟರ್ ಮತ್ತ ಹುಬ್ಬಳ್ಳಿಗೆ ಬಾ ಅಂದಾರ. ಇನ್ನೊಂದು ಗಂಟು ಕಾಣಸ್ತೈತಂತ. ಸ್ವಲ್ಪ ದಿನ ನನಗ ಕಾಗದ ಬರೀಬ್ಯಾಡ. ನಿನ್ನ ಕಾಗದ ಬಂದ್ರ ಉತ್ತರ ಕೊಡಬೇಕು ಅನಸ್ತೈತಿ, ಕೊಟ್ರ ಇಂಥಾದ್ದ ಬರ್ತೈತಿ.

ಹಾಡಿನ ಬಗ್ಗೆ ಹೇಳಿಬಿಡ್ತೀನಿ. ನಿನ್ನೆ ವಿಮಲಾ ಬಾಜೂ ಮನಿಯಿಂದ ಸಿಡಿ ಪ್ಲೇಯರ್ ತಂದು ಹಚ್ಚಿದ್ಲು. ಹಳೇ ಹಾಡಿನಾಗ ನನ್ನ ದನಿ ಬಂದಾಗ ಅಕಿ ನನ್ನ ಮಾರಿ ನೋಡಿ ನಕ್ಲು, ನೀವು ಹಿಂಗ ಇದ್ರಿ ಅಂದ್ಲು. ಆಮ್ಯಾಲ ಹೊಸಾದು ಬಂತು. ಇನಾಯತ್ ಭಾಳ ಚಲೋ ಹೇಳ್ಯಾನ, ಒಂದು ಅಕ್ಷರ ಎಡವಿಲ್ಲ. ಕಡೀಕ ನನ್ನ ಹೆಸರು ಹಿಡದು ಕರದ. ನೀ ಬಿಟ್ಟ ಜಾಗಾ ಪೂರ್ತಿ ಮುಗಿಯೂತನಕ ನಾ ಅಲ್ಲೇ, ಮಂಚದ ಮ್ಯಾಲ, ಕುಂತಿದ್ದೆ.

ಪ್ರವೀಣ